ಬ್ರೇಕ್ ರಿಪೇರಿ ಎಂದರೆ ಬರೀ ಅಂಟಿಸುವುದಲ್ಲ

"ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ." ಈ ಮಾತನ್ನು ನಮ್ಮಲ್ಲಿ ಅನೇಕರು ಮನೆಯಲ್ಲಿ ಕೇಳಿಯೇ ಬೆಳೆದಿದ್ದೇವೆ. ಗ್ಯಾರೇಜ್ ಎಂದರೆ ಓದು ಹತ್ತದವರ ಜಾಗ ಎಂದು ನಾನೂ ನಂಬಿದ್ದೆ. ಒಂದು ರಿಮೋಟ್ ಕಾರಿನ ಬ್ರೇಕ್ ಆ ನಂಬಿಕೆಯನ್ನು ಬಿಡಿಸಿತು.

ದುಬೈಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಮಾಮು ಒಂದು ಹಳೆಯ ರಿಮೋಟ್ ಕಾರು ಕಳಿಸಿದ್ದರು. ಅದು ಆಟಿಕೆ ಅಂಗಡಿಯ ಕಾರಲ್ಲ. ನಿಜವಾದ ಕಾರಿನ ಐದನೇ ಒಂದು ಭಾಗದ ಅಳತೆ, ಸುಮಾರು 12 ಕಿಲೋ ತೂಕ, ಆಯಿಲ್ ಬೆರೆಸಿದ ಪೆಟ್ರೋಲಿನಲ್ಲಿ ಓಡುವ 26 ಸಿಸಿ ಎಂಜಿನ್. ಗಂಟೆಗೆ 50 ಕಿ.ಮೀ. ಓಡುವುದು ಅದಕ್ಕೆ ದೊಡ್ಡ ಮಾತಲ್ಲ. ಬೈಕಿನಲ್ಲಿರುವಂತೆ ಇದರಲ್ಲೂ ಒಂದು ಡಿಸ್ಕ್, ಅದರ ಎರಡು ಕಡೆ ಪ್ಯಾಡ್. ರಿಮೋಟಿನ ಟ್ರಿಗರ್ ಮುಂದಕ್ಕೆ ತಳ್ಳಿದರೆ ಸರ್ವೋ ಎಂಬ ಸಣ್ಣ ಮೋಟರ್ ಲಿವರ್ ಎಳೆದು ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುತ್ತದೆ.

ಪ್ಯಾಡ್ ಸವೆದಾಗ ನಮ್ಮ ಊರಿನಲ್ಲಿ ಹೊಸದು ಸಿಗಲಿಲ್ಲ. ಹೊರದೇಶದಿಂದ ತರಿಸಿದರೆ ಪ್ಯಾಡಿಗಿಂತ ಕೊರಿಯರ್ ಖರ್ಚೇ ಹೆಚ್ಚು. ಹಳೆಯ ಲೈನಿಂಗ್ ಚೂರು ಕತ್ತರಿಸಿ ಐದು ರೂಪಾಯಿಯ ಗಮ್ ಹಾಕಿ ಅಂಟಿಸಿದೆ. ಕೈಯಲ್ಲಿ ಎಳೆದು ನೋಡಿದೆ, ಗಟ್ಟಿಯಾಗಿತ್ತು. ದುಡ್ಡು ಉಳಿಸಿದೆ ಎಂದು ಹೆಮ್ಮೆಯಾಯಿತು.

ಮೈದಾನದಲ್ಲಿ ಮೂರು ಸಲ ಬ್ರೇಕ್ ಹಿಡಿಯಿತು. ನಾಲ್ಕನೇ ಸಲ ಹಿಡಿಯಲಿಲ್ಲ. ಡಿಸ್ಕಿನ ಬಿಸಿಗೆ ಗಮ್ ಬಿಟ್ಟುಕೊಂಡಿತ್ತು. ಕಾರು ನೇರವಾಗಿ ಕ್ರಿಕೆಟ್ ಆಡುತ್ತಿದ್ದ ಮಕ್ಕಳ ಕಡೆ ಹೋಯಿತು. ಒಬ್ಬ ಹುಡುಗ ಹಾರಿದ್ದರಿಂದ ಅವನ ಕಾಲು ಉಳಿಯಿತು, ಸ್ಟಂಪ್ ಮುರಿಯಿತು. ಆಮೇಲೆ ಸೈನ್ಸ್ ವಿಭಾಗದ ಗೆಳೆಯ ಲೆಕ್ಕ ಹಾಕಿ ಹೇಳಿದ: 50 ಕಿ.ಮೀ. ವೇಗದಲ್ಲಿ ಆ ಕಾರು ಬಡಿಯುವುದೂ ಒಂದೇ, ಅಷ್ಟೇ ತೂಕದ ಅಕ್ಕಿ ಚೀಲ ಸುಮಾರು 10 ಮೀಟರ್ ಎತ್ತರದಿಂದ ಬೀಳುವುದೂ ಒಂದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನಮ್ಮ ಬೀದಿಯ ಬೈಕ್ ಗ್ಯಾರೇಜಿನ ಉಸ್ತಾದರ ಹತ್ತಿರ ಹೋದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಕೂತ್ಕೋ, ನೋಡು" ಎಂದರು. ಹಳೆಯ ಪದರ ಪೂರ್ತಿ ಕೆರೆದು, ಕಬ್ಬಿಣದ ತಗಡನ್ನು ಎಮರಿ ಪೇಪರಿನಿಂದ ಉಜ್ಜಿಸಿದರು. ಲೈನಿಂಗಿನ ದೂಳನ್ನು ಬಾಯಿಂದ ಊದಲು ಬಿಡಲಿಲ್ಲ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿ, ಒದ್ದೆ ಮಾಡಿಯೇ ಉಜ್ಜಬೇಕು. ಅಸಿಟೋನ್‌ನಿಂದ ಒರೆಸಿದ ಮೇಲೆ ಬೆರಳು ತಾಗಿಸುವಂತಿಲ್ಲ, ಎಣ್ಣೆ ಜಿಡ್ಡಿನ ಮೇಲೆ ಅಂಟು ನಿಲ್ಲುವುದಿಲ್ಲ. ಬಿಸಿ ತಡೆಯುವ ಎಪಾಕ್ಸಿ ಹಚ್ಚಿ, ಹೊಸ ಲೈನಿಂಗ್ ಇಟ್ಟು, ಕ್ಲ್ಯಾಂಪ್ ಹಾಕಿ ಒಂದು ಇಡೀ ದಿನ ಬಿಟ್ಟೆವು. ಲೈನಿಂಗ್ ದಪ್ಪವಾದರೆ ಡಿಸ್ಕಿಗೆ ಸದಾ ಉಜ್ಜಿ ಕಾಯುತ್ತದೆ ಎಂದು ದಪ್ಪವನ್ನೂ ಅಳೆಸಿದರು.

ನಂತರ ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು, ಚಕ್ರ ತಿರುಗುವಾಗ ರಿಮೋಟ್ ಆಫ್ ಮಾಡಿ ನೋಡಿದೆವು. ಸಿಗ್ನಲ್ ಹೋದರೆ ತಾನಾಗಿಯೇ ಬ್ರೇಕ್ ಹಾಕುವ ಫೇಲ್‌ಸೇಫ್ ಇದರಲ್ಲಿದೆ. ಆದರೆ ಪ್ಯಾಡೇ ಹಿಡಿಯದಿದ್ದರೆ ಫೇಲ್‌ಸೇಫ್ ಇದ್ದೂ ಪ್ರಯೋಜನವಿಲ್ಲ. ಕೊನೆಗೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ, ಮತ್ತೆ ಮತ್ತೆ ಬ್ರೇಕ್ ಹಾಕಿ ಪ್ಯಾಡ್ ಕೂರಿಸಿದೆವು.

"ಹೊಸದೇ ಕೊಳ್ಳಬೇಕು" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. "ಹೇಗೋ ಅಂಟಿಸಿದರೆ ಆಯಿತು" ಎಂಬುದನ್ನಂತೂ ಇನ್ನು ಯಾವತ್ತೂ ಒಪ್ಪಲಾರೆ. ನಾವೇ ರಿಪೇರಿ ಮಾಡೋಣ, ಆದರೆ ಬಲ್ಲವರನ್ನು ಕೇಳಿ, ಪರೀಕ್ಷಿಸಿ, ಆಮೇಲೆ ಓಡಿಸೋಣ. ಅಕೌಂಟೆನ್ಸಿಯಲ್ಲಿ ರಿಪೇರಿ ಖರ್ಚನ್ನು ನಮ್ಮ ಲಾಭ ನಷ್ಟದ ಖಾತೆಗೆ ಬರೆಯುತ್ತೇವೆ. ನಾನು ಐದು ರೂಪಾಯಿಯಲ್ಲಿ ಮುಗಿಸಿದ ಆ ರಿಪೇರಿಯ ನಷ್ಟ ಒಬ್ಬ ಹುಡುಗನ ಕಾಲಿಗೆ ಬೀಳುತ್ತಿತ್ತು.

ನಮ್ಮಲ್ಲಿ ಹಲವರನ್ನು ಅಬ್ಬಾ ಅಥವಾ ಅಣ್ಣ ಬೈಕಿನಲ್ಲಿ ತಂದು ಕಾಲೇಜಿಗೆ ಬಿಡುತ್ತಾರೆ. ಆ ಬೈಕಿನ ಬ್ರೇಕ್ ಹಿಡಿಯುವುದರ ಹಿಂದೆ ಯಾರೋ ಒಬ್ಬ ಉಸ್ತಾದರ ಕೆಲಸವಿದೆ. ಕಾಲೇಜಿನಲ್ಲಿ ಮಾರ್ಗದರ್ಶನಕ್ಕೆ ಸಿಎ ಮಾಡಿದವರನ್ನು, ಬ್ಯಾಂಕಿನವರನ್ನು ಕರೆಯುತ್ತೇವೆ. ಒಂದು ಶನಿವಾರ ಒಬ್ಬ ಮೆಕ್ಯಾನಿಕ್ ಅವರನ್ನೂ ಕರೆಯೋಣ ಎಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಮುಂದಿನ ಸಾಲಿನಲ್ಲಿ ಕೂತು ಕೇಳಲು ನಾನು ಸಿದ್ಧ.