ಬಾನುಲಿಯ ಬರಹಗಾರರೂ ಸಾಹಿತ್ಯಚರಿತ್ರಕಾರರ ಮೌನವೂ

ಕನ್ನಡ ಸಾಹಿತ್ಯಚರಿತ್ರೆಯನ್ನು ಬರೆಯುವ ಪಂಡಿತರಲ್ಲಿ ಒಂದು ವಿಚಿತ್ರ ರೂಢಿ ಬೇರೂರಿದೆ. ಕವಿಗೆ ಒಂದು ಪ್ರಕರಣ, ಕಾದಂಬರಿಕಾರನಿಗೆ ಒಂದು ಪ್ರಕರಣ, ನಾಟಕಕಾರನಿಗೂ ಪತ್ರಿಕಾಕರ್ತನಿಗೂ ತಕ್ಕಷ್ಟು ಪುಟಗಳು, ಕೊನೆಗೆ ಹರಟೆಗಾರನಿಗೂ ಒಂದು ಮೂಲೆ ದೊರೆಯುತ್ತದೆ. ಆದರೆ ಆಕಾಶವಾಣಿಯ ನಿಲಯದಲ್ಲಿ ಮೂವತ್ತು ವರ್ಷ ಕುಳಿತು ಕನ್ನಡವನ್ನು ಬರೆದು, ಬರೆಯಿಸಿ, ನುಡಿದು, ನುಡಿಸಿದ ನಿರ್ಮಾಪಕನಿಗೆ ಅರ್ಧ ಪುಟವೂ ದೊರೆಯುವದು ಅಪರೂಪ. ಹೆಸರು ಬಂದರೂ ‘ಆಕಾಶವಾಣಿಯಲ್ಲಿ ನೌಕರಿಯಲ್ಲಿದ್ದರು’ ಎಂಬ ಒಂದೇ ವಾಕ್ಯದಲ್ಲಿ ಅವನ ಜೀವಮಾನದ ಉದ್ಯೋಗವೆಲ್ಲ ಮುಗಿದುಹೋಗುತ್ತದೆ. ಆ ಬಳಿಕ ಅವನು ಅಚ್ಚು ಮಾಡಿಸಿದ ಪುಸ್ತಕಗಳ ಯಾದಿ ಮೊದಲಾಗುತ್ತದೆ. ಇದು ಅನ್ಯಾಯ, ಅನ್ಯಾಯಕ್ಕಿಂತಲೂ ಹೆಚ್ಚಾಗಿ ಅವಿಚಾರ. ಧಾರವಾಡದಂಥ ಊರಿನಲ್ಲಿಯೂ ಇದು ನಡೆಯುತ್ತಿರುವದು ನಾಚಿಕೆಯ ಸಂಗತಿ.

ಪೂರ್ವಪಕ್ಷವನ್ನು ಅದರ ಬಲದೊಡನೆಯೇ ಮುಂದಿಡುವದು ನ್ಯಾಯ. ಬಾನುಲಿಯ ಬರವಣಿಗೆಯನ್ನು ಸಾಹಿತ್ಯವೆಂದು ಒಪ್ಪದವರು ಮೂರು ಕಾರಣಗಳನ್ನು ಹೇಳುತ್ತಾರೆ. ಒಂದು, ಅದು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿ ಅಡಗುವಂಥದು. ನಿಲ್ಲದ ಮಾತಿಗೆ ಸಾಹಿತ್ಯವೆಂಬ ಹೆಸರು ಸಲ್ಲದು. ಎರಡು, ಅದು ಸರಕಾರದ ಸಂಬಳಕ್ಕಾಗಿ, ಮೇಲಧಿಕಾರಿಯ ಆಜ್ಞೆಯಂತೆ ಬರೆದದ್ದು. ಪ್ರತಿಭೆ ಅಪ್ಪಣೆಗೆ ಕಾಯುವದಿಲ್ಲ. ಮೂರು, ಅದು ಹತ್ತು ನಿಮಿಷ, ಹದಿನೈದು ನಿಮಿಷವೆಂದು ಗಡಿಯಾರದಿಂದ ಅಳೆದು, ಓದುಬರಹ ಬಾರದವರ ತಿಳುವಳಿಕೆಗೆ ಇಳಿಸಿ ಬರೆದದ್ದು. ಆದಕಾರಣ ಅದರಲ್ಲಿ ಗಾಂಭೀರ್ಯ ಇರಲಾರದು.

ಮೊದಲನೆಯ ಆಕ್ಷೇಪ ಶಾಸ್ತ್ರ ಬಲ್ಲವರ ಬಾಯಲ್ಲಿ ಬರತಕ್ಕದ್ದಲ್ಲ. ಶಬ್ದವು ಆಕಾಶದ ಗುಣವೆಂದು ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಕಲಿತವರು, ಆಕಾಶದಲ್ಲಿ ಹೋದ ಮಾತು ಹಾಳಾಯಿತೆಂದು ಹೇಳುವದು ಹೇಗೆ? ಶಬ್ದವು ಅನಿತ್ಯವೆಂದು ನೈಯಾಯಿಕರೂ ನಿತ್ಯವೆಂದು ಮೀಮಾಂಸಕರೂ ಶತಮಾನಗಳ ಕಾಲ ವಾದಿಸಿದರು. ಆದರೆ ಅನಿತ್ಯವೆಂದವರು ಕೂಡ ಅದನ್ನು ಪ್ರಮಾಣವಲ್ಲವೆಂದು ತಳ್ಳಲಿಲ್ಲ. ವೇದಕ್ಕೆ ಶ್ರುತಿಯೆಂದು ಹೆಸರು ಬಂದದ್ದು ಕೇಳಿ ಕಲಿತದ್ದರಿಂದ. ಕೀರ್ತನೆಗಳು ಕೊರಳಿನಿಂದ ಕೊರಳಿಗೆ ದಾಟಿ ಬಂದವು. ಕುಮಾರವ್ಯಾಸನ ಭಾರತವನ್ನು ಹಳ್ಳಿಯ ಜನರು ಗಮಕಿಯ ಕಂಠದಿಂದ ಕೇಳಿದರು. ಪುಸ್ತಕದಿಂದ ಓದಿದವರು ಕೆಲವರೇ. ಹೀಗಿದ್ದು ಮೈಕಿನ ಮುಂದೆ ಆಡಿದ ಮಾತು ಮಾತ್ರ ಸಾಹಿತ್ಯದ ಹೊರಗೆ ನಿಲ್ಲಬೇಕೆಂಬದು ಯಾವ ನ್ಯಾಯ?

ಎರಡನೆಯ ಆಕ್ಷೇಪ ಇನ್ನೂ ದುರ್ಬಲ. ಪಂಪನು ಅರಿಕೇಸರಿಯ ಆಶ್ರಯದಲ್ಲಿದ್ದನು. ರನ್ನನು ಚಾಳುಕ್ಯರ ಆಸ್ಥಾನದಲ್ಲಿದ್ದನು. ಜನ್ನನು ಹೊಯ್ಸಳರ ಸೇವೆಯಲ್ಲಿದ್ದನು. ಅನ್ನ ಎಲ್ಲಿಂದ ಬಂತೆಂಬದರಿಂದ ಕಾವ್ಯದ ಬೆಲೆ ಕಟ್ಟುವದಾದರೆ ಕನ್ನಡದ ಆದಿಕವಿಯನ್ನೇ ಪೀಠದಿಂದ ಇಳಿಸಬೇಕಾದೀತು.

ಮೂರನೆಯ ಆಕ್ಷೇಪವಂತೂ ಗುಣವನ್ನು ದೋಷವೆಂದು ಎಣಿಸುವಂಥದು. ಅರ್ಧ ಮಾತ್ರೆ ಉಳಿದರೆ ವೈಯಾಕರಣರು ಮಗ ಹುಟ್ಟಿದಷ್ಟು ಸಂತೋಷ ಪಡುತ್ತಾರೆಂಬದು ಪಾಠಶಾಲೆಗಳಲ್ಲಿ ಪ್ರಸಿದ್ಧವಾದ ಮಾತು. ಮಿತಿಯಲ್ಲಿ ಅರ್ಥವನ್ನು ತುಂಬುವದು ಸೂತ್ರಕಾರರಿಗೆ ಕೀರ್ತಿಯಾದರೆ ಬಾನುಲಿಯವರಿಗೆ ಅದು ಅಪಕೀರ್ತಿಯೆ? ಇನ್ನು ಓದುಬರಹ ಬಾರದವರ ಮಾತು. 1951ರ ಜನಗಣತಿಯಲ್ಲಿ ಭಾರತದ ನೂರು ಜನರಲ್ಲಿ ಅಕ್ಷರಸ್ಥರು ಸುಮಾರು ಹದಿನೆಂಟು ಮಂದಿ ಮಾತ್ರ. ಉಳಿದ ಎಂಬತ್ತೆರಡು ಮಂದಿಗೆ ಗ್ರಂಥಮಾಲೆಗಳೂ ಮಾಸಪತ್ರಿಕೆಗಳೂ ಇದ್ದೂ ಇಲ್ಲದಂತೆಯೇ. ಆ ಜನರಿಗೆ ಶಿಷ್ಟ ಕನ್ನಡವನ್ನು, ಪುರಾಣವನ್ನು, ಇತಿಹಾಸವನ್ನು, ಬೆಳೆಯ ರೋಗಕ್ಕೆ ಮದ್ದನ್ನು ಅಕ್ಷರದ ಹಂಗಿಲ್ಲದೆ ಮುಟ್ಟಿಸಿದ ಸಾಧನ ಬಾನುಲಿ. ಪಂಡಿತನಿಗೂ ಒಕ್ಕಲಿಗನಿಗೂ ಒಂದೇ ವೇಳೆ ಒಂದೇ ವಾಕ್ಯದಲ್ಲಿ ಅರ್ಥವಾಗುವಂತೆ ಬರೆಯುವದು ಸುಲಭವೆಂದು ತಿಳಿದವರು ಒಮ್ಮೆ ಬರೆದು ನೋಡಲಿ.

ಈ ಪ್ರಾಂತದ ಇತಿಹಾಸವನ್ನೇ ನೋಡಬಹುದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ನಿಲಯವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರಸಿದ್ಧಿ. ಕಸ್ತೂರಿಯವರು ಕೇರಳದಲ್ಲಿ ಹುಟ್ಟಿ, ಮಲೆಯಾಳ ಮನೆಮಾತಿನವರಾಗಿದ್ದು, ಕನ್ನಡದ ಹಾಸ್ಯಲೇಖಕರಾಗಿ ಹೆಸರಾದವರು. ಮುಂದೆ ಅಖಿಲ ಭಾರತದ ಬಾನುಲಿ ಸಂಸ್ಥೆಯೇ ಆ ಹೆಸರನ್ನು ಸ್ವೀಕರಿಸಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಆಕಾಶವಾಣಿಯೆಂದಷ್ಟೇ ಕರೆದುಕೊಳ್ಳಬೇಕೆಂದು ಆಜ್ಞೆಯಾಯಿತು. ಕನ್ನಡನಾಡಿನ ಒಂದು ಮನೆಯಲ್ಲಿ ಹುಟ್ಟಿದ ಹೆಸರು ದೇಶದ ಹೆಸರಾಯಿತೆಂದು ಹೆಮ್ಮೆಪಡುವ ಜನರು, ಆ ಹೆಸರಿನ ಕೆಳಗೆ ದುಡಿದವರನ್ನು ಮಾತ್ರ ಮರೆತಿದ್ದಾರೆ.

ಧಾರವಾಡದ ನಿಲಯ ಆರಂಭವಾದದ್ದು 1950ನೆಯ ಇಸವಿಯ ಜನವರಿ 8ರಂದು. ಭಾರತವು ಗಣರಾಜ್ಯವಾಗುವದಕ್ಕೆ ಹದಿನೆಂಟು ದಿನ ಮೊದಲು. ಆಗ ಈ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಏಳು ವರ್ಷ ಹತ್ತಿರ ಕಾಯಬೇಕಿತ್ತು. ರಾಜಕೀಯದ ಗಡಿಗಳು ಅಳಿಯುವ ಮೊದಲೇ ಆ ಗಡಿಗಳನ್ನು ಲೆಕ್ಕಿಸದೆ ಕನ್ನಡ ಧ್ವನಿಯೊಂದು ಸಂಚರಿಸತೊಡಗಿತು. ಏಕೀಕರಣದ ಚರಿತ್ರೆಯಲ್ಲಿ ಸಭೆಗಳಿಗೂ ಠರಾವುಗಳಿಗೂ ಇರುವ ಸ್ಥಾನದಲ್ಲಿ ಒಂದು ಪಾಲು ಈ ಧ್ವನಿಗೂ ಸಲ್ಲಬೇಕು. 1956ರಲ್ಲಿ ದ.ರಾ. ಬೇಂದ್ರೆಯವರು ಸೊಲ್ಲಾಪುರದ ಕಾಲೇಜಿನ ಕೆಲಸ ಮುಗಿಸಿ ಈ ನಿಲಯಕ್ಕೆ ಸಲಹೆಗಾರರಾಗಿ ಬಂದರು. ಮಲ್ಲಿಕಾರ್ಜುನ ಮನಸೂರರು ಇಲ್ಲಿಯೇ ಸಂಗೀತದ ಸಲಹೆಗಾರರಾಗಿದ್ದರು. ‘ಎನ್ಕೆ’ಯೆಂದು ಪ್ರಸಿದ್ಧರಾದ ಎನ್.ಕೆ. ಕುಲಕರ್ಣಿಯವರು ಇಲ್ಲಿಯೇ ನಾಟಕವನ್ನೂ ಹಾಸ್ಯವನ್ನೂ ಕೇವಲ ಕಿವಿಗಾಗಿ ರಚಿಸುವ ಕಲೆಯನ್ನು ಬೆಳೆಯಿಸಿದರು. ಆಕಾಶವಾಣಿಯವರೇ ಆದ ಎಚ್.ಕೆ. ರಂಗನಾಥರು ಕರ್ನಾಟಕದ ರಂಗಭೂಮಿಯನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯವು 1960ರಲ್ಲಿ ಪ್ರಕಟಿಸಿತು.

ಬೇಂದ್ರೆಯವರ ಕಾವ್ಯಕ್ಕೆ ಭಾಷ್ಯಗಳು ರಾಶಿಯಾಗಿ ಬಂದಿವೆ. ಬಾನುಲಿಗಾಗಿ ಅವರು ಆಡಿದ ಮಾತು, ಕೊಟ್ಟ ಸಲಹೆ, ತಿದ್ದಿದ ಬರಹಗಳನ್ನು ಕುರಿತು ಬರೆದವರು ಎಷ್ಟು ಜನ? ಮನಸೂರರ ಗಾಯನವನ್ನು ಕೊಂಡಾಡುವವರು ಲಕ್ಷ ಜನರಿದ್ದಾರೆ. ಆ ಗಾಯನವನ್ನು ಮನೆಮನೆಗೆ ಮುಟ್ಟಿಸುವದಕ್ಕೆ ವೇಳೆ ಗೊತ್ತುಮಾಡಿ, ತಂಬೂರಿಯ ಶ್ರುತಿಯಿಂದ ಮೈಕಿನ ದೂರದ ವರೆಗೆ ನೋಡಿಕೊಂಡವರ ಹೆಸರು ಯಾರಿಗೂ ಬೇಡ.

ಈ ಮರೆವಿಗೆ ಒಂದು ದೃಷ್ಟಾಂತ ಜ್ಯೋತ್ಸ್ನಾ ಕಾಮತರ ಜೀವನ. ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ. ಧಾರವಾಡದ ನಿಲಯದಲ್ಲಿ ಸೇವೆಯನ್ನು ಆರಂಭಿಸಿ, ಕರ್ನಾಟಕದ ಒಳಗೂ ಹೊರಗೂ ಹಲವು ನಿಲಯಗಳಲ್ಲಿ ದುಡಿದು, ಬೆಂಗಳೂರು ನಿಲಯದ ನಿರ್ದೇಶಕಿಯಾಗಿ ನಿವೃತ್ತರಾದರು, 2022ರಲ್ಲಿ ತೀರಿಕೊಂಡರು. ಮಧ್ಯಯುಗದ ಕರ್ನಾಟಕದ ಸಾಮಾಜಿಕ ಜೀವನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1980ರಲ್ಲಿ ದಿಲ್ಲಿಯಿಂದ ಪ್ರಕಟವಾಯಿತು. ಶಾಸನ, ಶಿಲ್ಪ, ಕಾವ್ಯಗಳಿಂದ ಆಧಾರಗಳನ್ನು ಹೆಕ್ಕಿ, ಆ ಕಾಲದ ಜನರು ಏನನ್ನು ಉಣ್ಣುತ್ತಿದ್ದರು, ಏನನ್ನು ಉಡುತ್ತಿದ್ದರು, ಯಾವ ಒಡವೆ ತೊಡುತ್ತಿದ್ದರು, ಯಾವ ಆಟ ಆಡುತ್ತಿದ್ದರು ಎಂಬದನ್ನು ಅವರು ವಿವರಿಸಿದರು. ಕರ್ನಾಟಕದ ಶಿಕ್ಷಣದ ಪರಂಪರೆಯನ್ನು ಕುರಿತೂ ಬರೆದರು.

ಪಂಡಿತರು ಈ ಗ್ರಂಥವನ್ನು ಉದಾಹರಿಸುತ್ತಾರೆ. ಆದರೆ ಅದನ್ನು ಬರೆದವರ ಬಾನುಲಿಯ ಉದ್ಯೋಗವನ್ನು ಗ್ರಂಥಕ್ಕೆ ಸಂಬಂಧವಿಲ್ಲದ ಹೊಟ್ಟೆಪಾಡೆಂದು ಬದಿಗೆ ಸರಿಸುತ್ತಾರೆ. ಇಲ್ಲಿಯೇ ಅವರ ದೃಷ್ಟಿದೋಷ. ರಾಜರ ವಂಶಾವಳಿಯನ್ನೂ ಯುದ್ಧಗಳನ್ನೂ ಬಿಟ್ಟು ಅಡಿಗೆಮನೆಯ, ಆಟದ ಬಯಲಿನ, ಹೆಂಗಸರ ಕೊರಳಿನ ಆಭರಣದ ಚರಿತ್ರೆಯನ್ನು ಕೇಳಬೇಕೆಂಬ ಬುದ್ಧಿಯು ದಿನಾಲು ಸಾಮಾನ್ಯ ಕೇಳುಗರಿಗಾಗಿ ಕಾರ್ಯಕ್ರಮಗಳನ್ನು ಕಟ್ಟುವವರಿಗೆ ಸಹಜವಾದದ್ದು. ಮನೆವಾರ್ತೆಯ ಹೆಣ್ಣುಮಗಳು ಏನು ಕೇಳಬಯಸುವಳು, ಏನು ಹೇಳಬಯಸುವಳು ಎಂದು ಯೋಚಿಸುವದೇ ಅವರ ನಿತ್ಯದ ಉದ್ಯೋಗ. ಹತ್ತು ಶತಮಾನಗಳ ಹಿಂದಿನ ಹೆಣ್ಣುಮಗಳನ್ನು ಕುರಿತು ಅವರು ಅದೇ ಪ್ರಶ್ನೆಯನ್ನು ಕೇಳಿದರು. ಬಾನುಲಿಯೂ ಸಂಶೋಧನೆಯೂ ಇಲ್ಲಿ ಒಂದೇ ಬೇರಿನ ಎರಡು ಕೊಂಬೆಗಳು. ಒಂದನ್ನು ಸಾಹಿತ್ಯವೆಂದೂ ಇನ್ನೊಂದನ್ನು ಚಾಕರಿಯೆಂದೂ ಸೀಳುವದು ವಿಮರ್ಶೆಯಲ್ಲ.

ಸರಕಾರದ ಬಾನುಲಿಯಲ್ಲಿ ದೋಷಗಳೇ ಇರಲಿಲ್ಲವೆಂದು ಇದರ ಅರ್ಥವಲ್ಲ. 1940ರಿಂದ 1971ರ ವರೆಗೆ ಹಾರ್ಮೋನಿಯಮ್ಮಿಗೆ ಅಲ್ಲಿ ಬಹಿಷ್ಕಾರವಿತ್ತು. ಹಾರ್ಮೋನಿಯಮ್ಮಿನ ಸುತ್ತಲೂ ಸಂಗೀತ ನಾಟಕಗಳು ಬೆಳೆದ ಈ ನಾಡಿಗೆ ಅದು ಅವಿವೇಕದ ಆಜ್ಞೆಯಾಗಿತ್ತು. 1975ರಿಂದ 1977ರ ವರೆಗಿನ ತುರ್ತುಪರಿಸ್ಥಿತಿಯಲ್ಲಿ ಆಕಾಶವಾಣಿಯು ಅಧಿಕಾರಸ್ಥರ ವಾಣಿಯಾಯಿತೆಂಬದೂ ಸತ್ಯ. ಪ್ರಸಾರಭಾರತಿಯ ಕಾಯದೆ 1990ರಲ್ಲಿ ಆದರೂ ಅದು ಜಾರಿಗೆ ಬಂದದ್ದು 1997ರಲ್ಲಿ. ಆದರೆ ಈ ತಪ್ಪುಗಳು ಆಜ್ಞೆ ಮಾಡಿದವರವು. ಆ ಆಜ್ಞೆಗಳ ನಡುವೆಯೂ ಕನ್ನಡವನ್ನು ಕಾಯ್ದವರನ್ನು ಅದೇ ತಕ್ಕಡಿಯಲ್ಲಿ ತೂಗಬಾರದು.

ಅನ್ಯದೇಶೀಯರು ಏನು ಮಾಡಿದರೆಂಬದನ್ನೂ ನೋಡಬೇಕು. ಡಿಲನ್ ಥಾಮಸ್ ಕವಿಯು ಬಾನುಲಿಗಾಗಿ ರಚಿಸಿದ, 1954ರಲ್ಲಿ ಬಿ.ಬಿ.ಸಿ.ಯಿಂದ ಪ್ರಸಾರವಾದ ‘ಅಂಡರ್ ಮಿಲ್ಕ್ ವುಡ್’ ರೂಪಕವನ್ನು ಇಂಗ್ಲಿಷರು ತಮ್ಮ ಸಾಹಿತ್ಯದ ಭಾಗವೆಂದೇ ಎಣಿಸುತ್ತಾರೆ. ಬಿ.ಬಿ.ಸಿ.ಯ ಭಾಷಣಗಳನ್ನು ಅಚ್ಚುಮಾಡುವದಕ್ಕೆಂದೇ 1929ರಿಂದ 1991ರ ವರೆಗೆ ‘ದಿ ಲಿಸನರ್’ ಎಂಬ ವಾರಪತ್ರಿಕೆ ನಡೆಯಿತು. ಜಾರ್ಜ್ ಆರ್ವೆಲ್ಲನು 1941ರಿಂದ 1943ರ ವರೆಗೆ ಭಾರತದ ಕೇಳುಗರಿಗಾಗಿ ಅಲ್ಲಿ ದುಡಿದನು. ಆ ಎರಡು ವರ್ಷಗಳ ಪ್ರಸಾರದ ಬರಹಗಳನ್ನೂ ಅವರು ಹುಡುಕಿ ಪುಸ್ತಕ ಮಾಡಿದ್ದಾರೆ. ಅವರು ಎರಡು ವರ್ಷದ ಬಾನುಲಿಯ ಕಾಗದಗಳನ್ನು ಕಾಯುತ್ತಾರೆ. ಇಲ್ಲಿಯವರು ಎಪ್ಪತ್ತೈದು ವರ್ಷಗಳದನ್ನು ಗೆದ್ದಲಿಗೆ ಬಿಡುತ್ತಾರೆ.

ಗೆದ್ದಲೆಂಬದು ಅಲಂಕಾರದ ಮಾತಲ್ಲ. ಮೊದಮೊದಲಿನ ಕಾರ್ಯಕ್ರಮಗಳಲ್ಲಿ ಬಹಳಷ್ಟು ನೇರವಾಗಿ ಪ್ರಸಾರವಾದವು. ಅವುಗಳ ಧ್ವನಿ ಉಳಿಯಲಿಲ್ಲ. ಟೇಪುಗಳು ದುಬಾರಿಯಾಗಿದ್ದ ಕಾಲದಲ್ಲಿ ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವ ಪದ್ಧತಿ ಜಗತ್ತಿನ ಅನೇಕ ಬಾನುಲಿ ಸಂಸ್ಥೆಗಳಲ್ಲಿತ್ತು. ಉಳಿದ ಟೇಪುಗಳಿಗೂ ಆಯುಷ್ಯದ ಮಿತಿಯುಂಟು: ತೇವಕ್ಕೆ ಅವುಗಳ ಲೇಪ ಅಂಟಾಗುತ್ತದೆ, ಕೆಲವು ಕಾಲದ ಮೇಲೆ ಕಿತ್ತು ಬರುತ್ತದೆ. ಬೆರಳಚ್ಚಿನ ಪ್ರತಿಗಳ ಕಾಗದ ಮಡಿಕೆಯಲ್ಲಿ ಮುರಿಯುತ್ತದೆ. ಭಾಷಣ ಮಾಡಿದವರು ಮನೆಗೆ ತಂದಿಟ್ಟ ಪ್ರತಿಗಳು ಅವರ ಮಕ್ಕಳ ಕಾಲಕ್ಕೆ ಅಟ್ಟಕ್ಕೆ ಏರಿ, ಮೊಮ್ಮಕ್ಕಳ ಕಾಲಕ್ಕೆ ರದ್ದಿಯ ಅಂಗಡಿಗೆ ಇಳಿಯುತ್ತವೆ. ಸರಕಾರದ ಒಲವೂ ಉಳಿಸುವ ಕಡೆಗಿಲ್ಲ. 2018ರ ಡಿಸೆಂಬರದಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯನ್ನೂ ಐದು ಪಟ್ಟಣಗಳ ಪ್ರಾದೇಶಿಕ ತರಬೇತಿಶಾಲೆಗಳನ್ನೂ ಖರ್ಚಿನ ನೆವದಿಂದ ಮುಚ್ಚುವ ನಿರ್ಣಯವಾಯಿತು. ಖರ್ಚಿನ ಕತ್ತರಿ ಆಡತೊಡಗಿದ ಮೇಲೆ ಮೊದಲು ಕತ್ತರಿಸಿ ಹೋಗುವದು, ಯಾರೂ ಸಾಹಿತ್ಯವೆಂದು ಎಣಿಸದ ಕಪಾಟುಗಳೇ.

ಆದಕಾರಣ ಮೂರು ಕೆಲಸಗಳು ಈಗಲೇ ಆಗತಕ್ಕವು. ಹುಬ್ಬಳ್ಳಿ-ಧಾರವಾಡದ ಸಾಹಿತ್ಯ ಸಂಘಗಳು ಮನೆಮನೆಗಳಲ್ಲಿರುವ ಬಾನುಲಿಯ ಬರಹಗಳನ್ನು ಕೇಳಿ ಪಡೆದು, ಲೇಖಕನ ಹೆಸರು, ಪ್ರಸಾರದ ದಿನಾಂಕ, ವಿಷಯಗಳೊಡನೆ ಯಾದಿ ಮಾಡಬೇಕು. ಇದಕ್ಕೆ ಸರಕಾರದ ಮಂಜೂರಿ ಬೇಡ. ನಾಲ್ಕು ಜನ ನಿವೃತ್ತರು, ಒಂದು ದಫ್ತರ ಸಾಕು. ವಿಶ್ವವಿದ್ಯಾಲಯದ ಕನ್ನಡ ಅಧ್ಯಯನಪೀಠವು ಸಾಹಿತ್ಯಚರಿತ್ರೆಯ ಪಾಠದಲ್ಲಿ ಬಾನುಲಿಗೆ ಒಂದು ಪ್ರಕರಣವನ್ನು ಕೊಟ್ಟು, ಒಬ್ಬೊಬ್ಬ ನಿರ್ಮಾಪಕನ ಕೃತಿಯನ್ನು ಒಬ್ಬೊಬ್ಬ ವಿದ್ಯಾರ್ಥಿಯ ಪ್ರಬಂಧಕ್ಕೆ ವಿಷಯವನ್ನಾಗಿ ಮಾಡಬೇಕು. ಆಕಾಶವಾಣಿಯವರು ತಮ್ಮಲ್ಲಿ ಉಳಿದ ಧ್ವನಿಮುದ್ರಣಗಳ ಯಾದಿಯನ್ನು ಜನರ ಮುಂದಿಡಬೇಕು. ಜನರ ಹಣದಿಂದ ಆದದ್ದನ್ನು ಜನರು ಕೇಳುವದಕ್ಕೆ ಅಡ್ಡಿ ಇರಬಾರದು.

ಸುಶಿಕ್ಷಿತ ಮನೆತನಗಳ ಹೊಣೆಯೂ ಸಣ್ಣದಲ್ಲ. ತಂದೆಯ ಇಲ್ಲವೆ ತಾಯಿಯ ಪೆಟ್ಟಿಗೆಯಲ್ಲಿ ಇಂಥ ಬರಹಗಳಿದ್ದರೆ ಅವನ್ನು ರದ್ದಿಯವನಿಗೆ ಕೊಡುವ ಮುಂಚೆ ಒಮ್ಮೆ ಬಿಚ್ಚಿ ಓದಬೇಕು. ಅವು ಸಾಹಿತ್ಯವಲ್ಲವೆಂದು ಪಂಡಿತರು ಇಷ್ಟು ದಿನ ಹೇಳಿದ್ದು ಓದಿ ನೋಡಿ ಅಲ್ಲ. ಓದುವದಕ್ಕೆ ಅವು ಅವರ ಕೈಗೆ ಬಂದಿರಲೇ ಇಲ್ಲ. ಮೊದಲು ಅವು ಬೆಳಕಿಗೆ ಬರಲಿ. ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಆಮೇಲೆ ನಿರ್ಣಯಿಸಬಹುದು.