ಬೈಯುವ ದನಿಯೂ ಕನ್ನಡದ್ದೇ

ಗೋವೆಯ ಡಿಚೋಲಿ ಸುತ್ತಲಿನ ಗಣಿಗಳಿಗೆ, ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದ ಜನ ದಶಕಗಳಿಂದ ಬರುತ್ತಿದ್ದಾರೆ. ಕಾಲು ಮುರಿದರೆ ಇಲ್ಲೇ ದವಾಖಾನೆಗೆ ಹೋಗುತ್ತಾರೆ. ಮನೆಯ ಹುಡುಗ ರಾತ್ರಿಯೆಲ್ಲ ತನ್ನಷ್ಟಕ್ಕೇ ಮಾತಾಡತೊಡಗಿದರೆ ಮಾತ್ರ ‘ಗಾಳಿ ಸೋಕೈತಿ’ ಎಂದು ಊರಿಗೆ ಕಳಿಸುವವರಿದ್ದಾರೆ. ಅಲ್ಲಿ ತಾಯತ, ಹರಕೆ, ಕೊನೆಗೆ ಚಿಲಕ ಹಾಕಿದ ಕೋಣೆ. ಇಲ್ಲಿ ಯಾರಾದರೂ ಕೇಳಿದರೆ, ‘ಊರಾಗ ಹೊಲಾ ನೋಡ್ಕೊಂಡು ಅದಾನ’. ತಂಗಿಯ ಮದುವೆ ಆಗಬೇಕಲ್ಲ.

ಈ ಮನೆಯವರನ್ನು ದೂರಲು ನನಗೆ ಮನಸ್ಸು ಬಾರದು. ಸ್ಕಿಜೋಫ್ರೇನಿಯಾದಂಥ ಕಾಯಿಲೆ ಔಷಧಕ್ಕೆ ಹತೋಟಿಗೆ ಬರುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿಲ್ಲ. ಚೇತರಿಸಿಕೊಂಡು ದುಡಿಯುವವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ; ಬೀದಿಯಲ್ಲಿ ಅಲೆಯುವವರಷ್ಟೇ ಕಣ್ಣಿಗೆ ಬೀಳುತ್ತಾರೆ. ಭಾಷಣ, ಜಾಥಾಗಳಿಂದ ಈ ಕಾಯಿಲೆಯ ಕುರಿತ ಭಯ ಹೋಗದು.

ಅದನ್ನು ಹೋಗಲಾಡಿಸುವ ದಾರಿ ಗೋವೆಗೇ ಗೊತ್ತಿದೆ. ಬಾಂಬೋಳಿಯಲ್ಲಿ ಸರ್ಕಾರದ ಮನೋವೈದ್ಯಕೀಯ ಸಂಸ್ಥೆಯಿದೆ. 1996ರಲ್ಲಿ ಇಲ್ಲೇ ಹುಟ್ಟಿದ ‘ಸಂಗಾತ್’ ಸಂಸ್ಥೆಯವರೂ ಸೇರಿ ಗೋವೆ, ತಮಿಳುನಾಡು, ಮಹಾರಾಷ್ಟ್ರಗಳ 282 ಸ್ಕಿಜೋಫ್ರೇನಿಯಾ ರೋಗಿಗಳ ನಡುವೆ ನಡೆಸಿದ ಅಧ್ಯಯನ 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ರೋಗಿಗಳ ಮನೆಗೇ ಹೋದರು. ಗುಳಿಗೆ ತಪ್ಪದಂತೆ ನೋಡಿಕೊಂಡರು, ಮನೆಮಂದಿಯ ಜೊತೆ ಕೂತು ಮಾತಾಡಿದರು. ಬರೀ ಆಸ್ಪತ್ರೆಯ ಚಿಕಿತ್ಸೆಗಿಂತ ಫಲ ತುಸು ಹೆಚ್ಚೇ ಸಿಕ್ಕಿತು. ನಮ್ಮ ಕರ್ನಾಟಕದ ತೀರ್ಥಹಳ್ಳಿ ತಾಲ್ಲೂಕಿನಲ್ಲೂ ನಿಮ್ಹಾನ್ಸ್ 2005ರಿಂದ ಇಂಥ ರೋಗಿಗಳನ್ನು ಅವರ ಊರಲ್ಲೇ ಇಟ್ಟು ನೋಡಿಕೊಳ್ಳುತ್ತ ಬಂದಿದೆ. ವಾರವಾರ ಮನೆಗೆ ಬಂದು ಚಹಾ ಕುಡಿದು ಹೋಗುವವರಿದ್ದರೆ ನೆರೆಯವರ ಪಿಸುಮಾತೂ ಕಡಿಮೆಯಾದೀತು ಎಂಬುದು ನನ್ನ ನಂಬಿಕೆ.

ಆದರೆ ಬರುವವರು ಯಾವ ಭಾಷೆಯವರು? ಬಾಗಲಕೋಟೆಯಿಂದ ಬಂದ ಹುಡುಗನ ಕಿವಿಗೆ ಮಾತ್ರ ಕೇಳುವ ಕಾಯಿಲೆಯ ದನಿ ಬೈಯುವುದು ಕನ್ನಡದಲ್ಲಿ. ಅದನ್ನು ಅವನು ಅರೆಬರೆ ಹಿಂದಿಯಲ್ಲಿ, ಕೊಂಕಣಿಯಲ್ಲಿ ಹೇಗೆ ಹೇಳಿಯಾನು? ಗದ್ದಲದ ಹೊರರೋಗಿ ವಿಭಾಗದಲ್ಲಿ ಅವನ ತಾಯಿ ‘ನಿದ್ದಿ ಬರೂದಿಲ್ಲ’ ಎಂದಷ್ಟೇ ಹೇಳಿ ಬಂದರೆ ಅಚ್ಚರಿಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗಳಿಗೆ ಮಾಹಿತಿಯನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ಹೇಳುತ್ತದೆ.

ಸರ್ಕಾರ ಡಿಚೋಲಿಯ ಕನ್ನಡದ ಹೆಣ್ಣುಮಕ್ಕಳಲ್ಲಿ ನಾಲ್ಕು ಜನರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ಮನೆಮನೆಗೆ ಹೋಗುವ ಈ ಕೆಲಸಕ್ಕೆ ಹಚ್ಚಲಿ. ಗೋವೆಯ ಕನ್ನಡ ಸಂಘಗಳು ಈ ನವೆಂಬರಿನಲ್ಲಿ ರಾಜ್ಯೋತ್ಸವದ ಜೊತೆಗೆ ಸರ್ಕಾರದ ಮುಂದೆ ಈ ಬೇಡಿಕೆಯನ್ನೂ ಇಡಲಿ. ಅಲ್ಲಿಯವರೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.