ಬಚ್ಚಲ ಪಾಚಿಯೂ ಆಶಾ ಕಾರ್ಯಕರ್ತೆಯೂ

ಭಾದ್ರಪದ ಆಶ್ವಯುಜಗಳ ಮಳೆಯೇ ನಮ್ಮ ಸೀಮೆಯಲ್ಲಿ ದೊಡ್ಡ ಮಳೆ. ಆಗ ಹಿತ್ತಿಲ ಚಪ್ಪಡಿಗಳೂ ಬಚ್ಚಲ ಮೋರಿಯೂ ಪಾಚಿಗಟ್ಟುವುವು. ಯಾವ ಕಲ್ಲು ಜಾರುವುದೆಂಬುದನ್ನು ಮನೆಯವರ ಕಾಲು ಬಲ್ಲದು. ಹೊರಗಿನಿಂದ ಬಂದವರ ಕಾಲು ಅರಿಯದು. ಹಾಗೆ ಕೆಲಸದ ಮೇಲೆ ಬರುವವರಲ್ಲಿ ಆಶಾ ಕಾರ್ಯಕರ್ತೆಯೂ ಒಬ್ಬಳು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸಾಮಾನ್ಯವಾಗಿ ಸಾವಿರ ಜನರಿಗೊಬ್ಬಳಂತೆ ಈ ಹೆಂಗಸರನ್ನು ಗ್ರಾಮಗಳಿಗೆ ಒದಗಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಕೆ 3ನೆಯ ದಿನ ಮೊದಲ್ಗೊಂಡು 42ನೆಯ ದಿನದ ವರೆಗೆ ಆರು ಸಲ ಮನೆಗೆ ಬರಬೇಕು. ಬಾಣಂತಿಯ ಮನೆಯ ನೆಲ ಹೇಗಿರುವುದೆಂದು ಗೃಹಿಣಿಯರಿಗೆ ಹೇಳಬೇಕೆ! ಎಣ್ಣೆನೀರಾದ ಮೇಲೆ ಬಚ್ಚಲಿನಿಂದ ನಡುಮನೆಯ ವರೆಗೂ ಜಿಡ್ಡು. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಮಗ್ಗದ ಎಣ್ಣೆಯೂ ಇದರೊಡನೆ ಕೂಡಬಹುದು.

ಜಾರಿದವರು ಕೈಯೂರುವರು, ಆಗ ಹಲವು ವೇಳೆ ಮಣಿಕಟ್ಟಿನ ಎಲುಬು ಮುರಿಯುವುದು. ಅದು ಕೂಡಲು ಸುಮಾರು 6 ವಾರ ಬೇಕು. ಅಷ್ಟರಲ್ಲಿ ಒಬ್ಬ ಬಾಣಂತಿಯ ಆರು ಭೇಟಿಗಳೂ ಕಳೆದುಹೋಗುವುವು. ಆಕೆಯ ಸಂಪಾದನೆಯ ಒಂದು ಭಾಗವೋ ಮಾಡಿದ ಕೆಲಸಕ್ಕೆ ಇಷ್ಟೆಂದು ಬರುವ ಪ್ರೋತ್ಸಾಹಧನ.

ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟ ದಾದಿಯೊಬ್ಬಳು ಆಸ್ಪತ್ರೆಯ ಒದ್ದೆ ನೆಲದಲ್ಲಿ ಬಿದ್ದು ಕೆಲಸಕ್ಕೆ ಬಾರದಾದರೆ ಸರಾಸರಿ ವೇತನದ ನೂರಕ್ಕೆ 90 ಪಾಲು ದೊರೆಯುವುದು. ಆಶಾ ಕಾರ್ಯಕರ್ತೆಯನ್ನು ನೌಕರಳೆಂದಲ್ಲ, ಸ್ವಯಂಸೇವಕಿಯೆಂದು ಎಣಿಸಿರುವುದರಿಂದ ಆ ಬಾಗಿಲು ಮುಚ್ಚಿದೆ. (ಸಂಬಳ ಕೊಡುವ ಸಮಯದಲ್ಲಿ ಮಾತ್ರ ನೆನಪಿಗೆ ಬರುವ ಹೆಸರಿದು!) 2018ರಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಆಶಾಗಳಿಗೆ ಅನ್ವಯಿಸಿದರು. ಅಪಘಾತದಿಂದ ಮರಣವೋ ಪೂರ್ಣ ಶಾಶ್ವತ ಅಂಗವೈಕಲ್ಯವೋ ಆದರೆ 2 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ. ಮುರಿದು ಕೂಡಿದ ಎಲುಬಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. 2024ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ಇವರಿಗೆ ವಿಸ್ತರಿಸಿದುದು ಸಂತೋಷವೇ. ಆದರೆ ಅದು ಆಸ್ಪತ್ರೆಯಲ್ಲಿ ಮಲಗಿ ಪಡೆವ ಚಿಕಿತ್ಸೆಗೆ ಒದಗುವುದೇ ಹೊರತು ಕಳೆದ ದಿನಗಳ ಗಳಿಕೆಗಲ್ಲ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಸಂಸ್ಕೃತದಲ್ಲಿ ಶುಶ್ರೂಷೆಯೆಂಬ ಮಾತಿಗೆ ಕೇಳಬೇಕೆಂಬ ಇಚ್ಛೆಯೆಂದೇ ಮೂಲಾರ್ಥ. ಸರಕಾರವು ಇವರ ಮೊರೆಯನ್ನು ಕೇಳುವ ವರೆಗೆ ಗೃಹಸ್ಥರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಭೇಟಿಯ ದಿನ ಮೊದಲೇ ತಿಳಿದಿರುವುದರಿಂದ, ಹಿಂದಿನ ದಿನವೇ ಬ್ಲೀಚಿಂಗ್ ಪುಡಿ ಹಾಕಿ ತೆಂಗಿನಕಡ್ಡಿಯ ಪೊರಕೆಯಿಂದ ಕಲ್ಲುಗಳನ್ನು ಉಜ್ಜಿ ತೊಳೆಯಿರಿ. ಜಿಡ್ಡಿದ್ದಲ್ಲಿ ಬರಿಯ ನೀರು ಸಾಲದು, ಸೋಪು ಬೇಕು. ಒಣಬಟ್ಟೆಯಿಂದ ಒರೆಸಲೂ ಬೇಕು. ನುಣುಪಾದ ನೆಲದ ಮೇಲೆ ಹಾಸಿದ ಗೋಣಿತಾಟು ತಾನೇ ಜಾರುವುದರಿಂದ ಅದನ್ನು ನಂಬಬೇಡಿರಿ. ಇಷ್ಟಾದರೂ ಆಕೆ ಬಿದ್ದಲ್ಲಿ, ಬಿದ್ದ ದಿನವನ್ನೂ ಸ್ಥಳವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಂದೇ ಬರೆದು ತಿಳಿಸಿ, ಮನೆಯ ಯಜಮಾನರು ಸಾಕ್ಷಿಯ ರುಜು ಹಾಕಲಿ.